ಭವಿಷ್ಯದ ಕ್ಯಾಪ್ಟನ್

ಯಾರಾದರೂ ದೊಡ್ಡ ಆಟಗಾರ ಜಾಸ್ತಿ ಸಂಬಳಕ್ಕೆ ಕ್ಲಬ್ ಬದಲಾಯಿಸಿದ ಅಂತ ಸುದ್ದಿ ಬಂದರೆ ಸಾಕು, ಫುಟ್‌ಬಾಲ್ ಬಗ್ಗೆ ಬರೆಯೋರೆಲ್ಲ ಒಂದು ಹಳೇ ಪಟ್ಟಿ ಹೊರಗೆ ತೆಗೀತಾರೆ. ಮಿಲಾನ್‌ನ ಬರೇಸಿ, ಮಾಲ್ದೀನಿ. ಬೊಲೊನ್ಯಾದ ಬುಲ್ಗರೆಲ್ಲಿ. ರೋಮಾದ ಟೊಟ್ಟಿ. ಬೆಳೆದ ಮನೆಯಲ್ಲೇ ಬಾಳಿದವರು, ಆಮಿಷಕ್ಕೆ ಬಗ್ಗದವರು, ಇಂಥವರು ಈಗೆಲ್ಲಿದ್ದಾರೆ ಸ್ವಾಮಿ ಅಂತ ಒಂದು ನಿಟ್ಟುಸಿರು. ಇಟಲಿಯವರು ಇಂಥ ಆಟಗಾರರನ್ನ ‘ಬಾಂದಿಯೇರಾ’ ಅಂತಾರೆ, ಅಂದ್ರೆ ಬಾವುಟ. ಆ ಪಟ್ಟಿಯ ಕೊನೆಗೆ, ಟೊಟ್ಟಿ ಹೆಸರಿನ ಬೆನ್ನಿಗೇ, ‘ಮತ್ತು ಡಿ ರೊಸ್ಸಿ’ ಅಂತ ಒಂದು ಬಾಲ ಇರುತ್ತೆ. ಕೆಲವು ಕಟ್ಟುನಿಟ್ಟಿನ ಜನ ಆ ಬಾಲವನ್ನೂ ಕತ್ತರಿಸಿ ಹಾಕ್ತಾರೆ. ಅವನು ಕೊನೆಗೆ ಅರ್ಜೆಂಟೀನಾಗೆ ಹೋಗಿ ಬೊಕಾ ಜೂನಿಯರ್ಸ್‌ಗೆ ಆಡಿದ, ಹಾಗಾಗಿ ಲೆಕ್ಕಕ್ಕಿಲ್ಲ ಅಂತ.

ನನಗೋ, ಈ ಬಾಲದ ಮೇಲೇ ಆಸೆ. ಟೊಟ್ಟಿಯ ನಿಷ್ಠೆ ಅರ್ಥವಾಗೋದು ಕಷ್ಟವಲ್ಲ. ಊರೇ ಕಾಲಿಗೆ ಬಿದ್ದಿರುವಾಗ, ಹತ್ತನೇ ನಂಬರಿನ ಅಂಗಿ ಮೈಮೇಲಿರುವಾಗ, ರಾಜನಾದವನು ರಾಜ್ಯ ಬಿಟ್ಟು ಯಾಕೆ ಹೋಗ್ತಾನೆ? ಆದರೆ ಆ ರಾಜನ ಪಕ್ಕದಲ್ಲೇ ಹದಿನೈದು ವರ್ಷಕ್ಕೂ ಹೆಚ್ಚು ನಿಂತವನು, ಅದೇ ಊರಲ್ಲೇ ಹುಟ್ಟಿದವನು, ಅದೇ ಕ್ಲಬ್ಬನ್ನ ಅಷ್ಟೇ ಹಚ್ಚಿಕೊಂಡವನು, ಅವನ ನಿಷ್ಠೆ ಬೇರೆ ಥರದ್ದು. ಅದರ ಬಗ್ಗೆ ನಾವು ಸರಿಯಾಗಿ ಬರೆದೇ ಇಲ್ಲ.

ದಾನಿಯೇಲೆ ಡಿ ರೊಸ್ಸಿ ಹುಟ್ಟಿದ್ದು 1983ರ ಜುಲೈ 24ಕ್ಕೆ, ರೋಮ್‌ನಲ್ಲಿ. ಬೆಳೆದದ್ದು ಊರಿನ ಕಡಲ ತೀರ ಓಸ್ತಿಯಾದಲ್ಲಿ. ಅಪ್ಪ ಆಲ್ಬರ್ಟೊ ಆಮೇಲೆ ರೋಮಾದ ಯುವ ತಂಡಕ್ಕೆ ವರ್ಷಗಟ್ಟಲೆ ಕೋಚ್ ಆಗಿದ್ದವರು. ಮಗ ರೋಮಾ ಪರ ಮೊದಲ ಸಲ ಮೈದಾನಕ್ಕಿಳಿದದ್ದು 2001ರ ಅಕ್ಟೋಬರ್ 30ರಂದು, ಚಾಂಪಿಯನ್ಸ್ ಲೀಗ್‌ನಲ್ಲಿ ಬೆಲ್ಜಿಯಂನ ಆಂಡರ್‌ಲೆಕ್ಟ್ ವಿರುದ್ಧ. ಈ ತಾರೀಖು ಯಾಕೆ ಮುಖ್ಯ ಅಂದ್ರೆ, ಅದಕ್ಕೆ ಬರೀ ನಾಲ್ಕು ತಿಂಗಳ ಹಿಂದೆ, ಜೂನ್ 17ರಂದು, ಪಾರ್ಮಾವನ್ನ 3-1ರಿಂದ ಸೋಲಿಸಿ ರೋಮಾ ಇಟಲಿಯ ಲೀಗ್ ಗೆದ್ದಿತ್ತು. ಕ್ಲಬ್ಬಿನ ಚರಿತ್ರೆಯಲ್ಲಿ ಮೂರನೇ ಸಲ. ಹಬ್ಬದೂಟ ಮುಗಿದು ಎಲೆ ಎತ್ತುವ ಹೊತ್ತಿಗೆ ಬಂದ ನೆಂಟನ ಹಾಗೆ ಇವನು ಬಂದ. ಅಲ್ಲಿಂದ 2019ರವರೆಗೆ 616 ಪಂದ್ಯ ಆಡಿದ. ರೋಮಾ ಪರ ಇದಕ್ಕಿಂತ ಹೆಚ್ಚು ಆಡಿದವನು ಟೊಟ್ಟಿ ಒಬ್ಬನೇ, 786. ಆ ಹದಿನೆಂಟು ಸೀಸನ್‌ಗಳಲ್ಲಿ ರೋಮಾ ಲೀಗ್ ಗೆದ್ದದ್ದು ಸೊನ್ನೆ. ಎರಡನೇ ಸ್ಥಾನಕ್ಕೆ ಬಂದದ್ದು ಒಂಬತ್ತು ಸಲ.

ಒಂಬತ್ತು! ಹತ್ತನೇ ಸ್ಥಾನದಲ್ಲಿ ಕೊಳೆಯೋದು ಒಂಥರಾ, ಅಲ್ಲಿ ಆಸೆ ಸತ್ತು ಹೋಗಿರುತ್ತೆ. ಒಂಬತ್ತು ಸಲ ಎರಡನೆಯವನಾಗೋದು ಅಂದ್ರೆ ಪ್ರತಿ ಸಲವೂ ಹೊಸದಾಗಿ ಆಸೆ ಹುಟ್ಟಿ ಸಾಯಬೇಕು. 2010ರಲ್ಲಿ ಇಂಟರ್‌ಗೆ 82 ಅಂಕ, ರೋಮಾಕ್ಕೆ 80. ಏಪ್ರಿಲ್ ತಿಂಗಳಲ್ಲಿ ರೋಮಾ ಮೇಲಿತ್ತು. ಸ್ವಂತ ಮೈದಾನದಲ್ಲಿ ಸ್ಯಾಂಪ್‌ಡೋರಿಯಾ ಎದುರು ಟೊಟ್ಟಿ ಮೊದಲ ಗೋಲು ಹೊಡೆದ, ಆಮೇಲೆ ಪಾತ್ಸೀನಿ ಎರಡು ಹೊಡೆದು ಕಥೆ ಮುಗಿಸಿದ. ಡಿ ರೊಸ್ಸಿಯ ಕೈಗೆ ರೋಮಾದಲ್ಲಿ ಸಿಕ್ಕಿದ್ದು ಎರಡು ಇಟಲಿ ಕಪ್, 2007 ಮತ್ತು 2008ರಲ್ಲಿ, ಜೊತೆಗೊಂದು ಸೂಪರ್ ಕಪ್. ಅಷ್ಟೇ.

ಇನ್ನು ಆ ಅಡ್ಡಹೆಸರು. ‘ಕಪಿತಾನ್ ಫುತೂರೊ’, ಭವಿಷ್ಯದ ಕ್ಯಾಪ್ಟನ್. ಇಟಲಿಯ ಟಿವಿಯಲ್ಲಿ ಎಂಬತ್ತರ ದಶಕದ ಮಕ್ಕಳು ನೋಡ್ತಿದ್ದ ಒಂದು ಜಪಾನೀ ಕಾರ್ಟೂನಿನ ಹೀರೋ ಹೆಸರು ಅದು. ಟೊಟ್ಟಿ ಆದಮೇಲೆ ಇವನೇ ಅಂತ ಅಭಿಮಾನಿಗಳು ಪ್ರೀತಿಯಿಂದ ಇಟ್ಟರು. ಇಟ್ಟಾಗ ಅದು ಹಾರೈಕೆ, ಸರಿ. ಆದರೆ ಟೊಟ್ಟಿ ಬಿಡಬೇಕಲ್ಲ! ಅವನು 2017ರ ಮೇ ವರೆಗೂ, ತನಗೆ ನಲವತ್ತು ದಾಟುವವರೆಗೂ ಆಡಿದ. ಡಿ ರೊಸ್ಸಿ ಖಾಯಂ ಕ್ಯಾಪ್ಟನ್ ಆದಾಗ ಅವನಿಗೇ 34 ತುಂಬಿತ್ತು, ಗಡ್ಡದಲ್ಲಿ ಬಿಳಿ ಇಣುಕ್ತಿತ್ತು. ಯುವರಾಜನಾಗೇ ಮುದುಕನಾಗೋದು ಅಂತಾರಲ್ಲ, ಹಾಗೆ. ಪೂರ್ತಿ ಕ್ಯಾಪ್ಟನ್ ಆಗಿ ಅವನಿಗೆ ಸಿಕ್ಕಿದ್ದು ಎರಡೇ ಸೀಸನ್.

ಇದರಲ್ಲಿ ಗೊಣಗಾಟದ ಕುರುಹು ಹುಡುಕಿದರೆ ಹೆಚ್ಚೇನೂ ಸಿಗಲ್ಲ. ರೋಮಾಕ್ಕೆ ಕೊಡೋಕೆ ತನ್ನ ಹತ್ರ ಇರೋದು ಒಂದೇ ವೃತ್ತಿಜೀವನ ಅನ್ನೋದೇ ತನ್ನ ಕೊರಗು ಅನ್ನೋ ಅರ್ಥದ ಮಾತನ್ನ ಅವನೇ ಆಡಿದ್ದ. ಸುಂದರ ಮಾತು, ಅಭಿಮಾನಿಗಳು ಬ್ಯಾನರ್ ಮೇಲೆ ಬರೆಯೋ ಅಂಥದ್ದು. ಆದರೆ ಇಂಥ ಮಾತು ಹಿಡಿದುಕೊಂಡು ಅವನನ್ನ ಸಂತ ಮಾಡೋದಕ್ಕೆ ನನ್ನ ತಕರಾರಿದೆ. ದುಡ್ಡಿನ ವಿಷಯವೇ ತಗೊಳ್ಳಿ. 2012ರ ಫೆಬ್ರವರಿಯಲ್ಲಿ ಅವನು ಐದು ವರ್ಷದ ಹೊಸ ಕಾಂಟ್ರ್ಯಾಕ್ಟ್‌ಗೆ ಸಹಿ ಹಾಕಿದಾಗ ಇಟಲಿಯ ಲೀಗ್‌ನಲ್ಲಿ ಅತಿ ಹೆಚ್ಚು ಸಂಬಳದ ಆಟಗಾರರ ಸಾಲಿಗೆ ಸೇರಿದ. ಮ್ಯಾಂಚೆಸ್ಟರ್ ಸಿಟಿ ಬಾಗಿಲು ತಟ್ಟುತ್ತಿದೆ ಅಂತ ಪತ್ರಿಕೆಗಳು ಬರೀತಿದ್ದ ಕಾಲ ಅದು. ಅವನು ಉಳಿದ, ನಿಜ. ಉಪವಾಸ ಬಿದ್ದು ಉಳಿಯಲಿಲ್ಲ. ನಿಷ್ಠೆಯ ಬಗ್ಗೆ ಬರೆಯೋರು ಈ ಅಂಕಿಯನ್ನ ಮೆಲ್ಲಗೆ ಹಾಸಿಗೆ ಕೆಳಗೆ ತಳ್ಳಿಬಿಡ್ತಾರೆ. ತಳ್ಳಬೇಕಾಗಿಲ್ಲ. ಒಳ್ಳೇ ಸಂಬಳ ತಗೊಂಡೂ ಮನುಷ್ಯ ಒಂದು ಜಾಗವನ್ನ ಪ್ರೀತಿಸಬಹುದು.

ಅವನ ಸಿಟ್ಟಿನ ವಿಷಯವೂ ಹೀಗೇ. 2006ರ ವಿಶ್ವಕಪ್, ಜೂನ್ 17, ಅಮೆರಿಕ ಎದುರು ಪಂದ್ಯ. ಮೇಲೆ ಬಂದ ಚೆಂಡಿಗೆ ಹಾರುವಾಗ ಬ್ರಯಾನ್ ಮೆಕ್‌ಬ್ರೈಡ್‌ನ ಮುಖಕ್ಕೆ ಮೊಣಕೈಯಿಂದ ಬಾರಿಸಿದ. ಕಣ್ಣಿನ ಕೆಳಗಿಂದ ರಕ್ತ ಸುರೀತು. ರೆಡ್ ಕಾರ್ಡ್, ನಾಲ್ಕು ಪಂದ್ಯ ನಿಷೇಧ. 2012ರ ನವೆಂಬರ್‌ನಲ್ಲಿ ಲಾಝಿಯೊ ಎದುರಿನ ಡರ್ಬಿಯಲ್ಲಿ ಮೌರಿಗೆ ಗುದ್ದಿ ಹೊರಗೆ ಹೋದ, ತಂಡ 3-2ರಿಂದ ಸೋತಿತು. 2016ರಲ್ಲಿ ಚಾಂಪಿಯನ್ಸ್ ಲೀಗ್ ಅರ್ಹತೆಗೆ ಪೋರ್ಟೊ ಎದುರು ಆಡುವಾಗ ಒಂದು ಭಯಂಕರ ಟ್ಯಾಕಲ್, ಮತ್ತೆ ರೆಡ್ ಕಾರ್ಡ್, ಆ ಪಂದ್ಯವೂ 3-0ಯಿಂದ ಹೋಯ್ತು. 2017ರಲ್ಲಿ, ಅಂದ್ರೆ ಕ್ಯಾಪ್ಟನ್ ಆದಮೇಲೆ, ಜೆನೋವಾ ಎದುರು ಲಪದೂಲಾನ ಕೆನ್ನೆಗೆ ಬಾರಿಸಿ ಎದುರಾಳಿಗೆ ಪೆನಾಲ್ಟಿ ದಾನ ಮಾಡಿದ. ಇದನ್ನೆಲ್ಲ ‘ಊರಿನ ಮೇಲಿನ ಪ್ರೀತಿ ಉಕ್ಕಿ ಬಂದದ್ದು’ ಅಂತ ಬರೆದವರಿದ್ದಾರೆ. ದಯವಿಟ್ಟು ಬೇಡ. ತನ್ನ ಕಣಕಾಲಿನ ಮೀನಖಂಡದ ಮೇಲೆ, ಜಾರಿ ಬಂದು ಎದುರಾಳಿಯನ್ನ ಬೀಳಿಸುವ ಮನುಷ್ಯನ ಚಿತ್ರವಿರುವ ಹಳದಿ ಎಚ್ಚರಿಕೆ ಫಲಕವನ್ನ ಹಚ್ಚೆ ಹಾಕಿಸಿಕೊಂಡವನು ಅವನು. ತಾನು ಎಂಥ ಆಸಾಮಿ ಅಂತ ಅವನಿಗೇ ಗೊತ್ತಿತ್ತು. ಈ ಹೊಡೆತಗಳಿಂದ ಅವನ ತಂಡಕ್ಕೆ ನಷ್ಟ ಆಯ್ತು, ಪದೇ ಪದೇ ಆಯ್ತು.

ಅದೇ ಮನುಷ್ಯ, ಆ ಮೊಣಕೈ ಹೊಡೆತಕ್ಕೆ ಮೂರು ತಿಂಗಳ ಹಿಂದೆ, 2006ರ ಮಾರ್ಚ್‌ನಲ್ಲಿ, ಮೆಸ್ಸೀನಾ ಎದುರು ಒಂದು ಗೋಲು ಹೊಡೆದ. ರೆಫ್ರಿ ಗೋಲು ಅಂತ ಕೊಟ್ಟೂ ಆಗಿತ್ತು. ಇವನೇ ಹೋಗಿ, ಚೆಂಡು ನನ್ನ ಕೈಗೆ ತಾಗಿದೆ, ಗೋಲು ರದ್ದು ಮಾಡಿ ಅಂದ. ರದ್ದಾಯ್ತು. ಇಟಲಿಯ ಫುಟ್‌ಬಾಲ್‌ನಲ್ಲಿ ರೆಫ್ರಿಗಳನ್ನ ಬುಟ್ಟಿಗೆ ಹಾಕಿಕೊಂಡ ದೊಡ್ಡ ಹಗರಣ ಬಯಲಿಗೆ ಬಂದದ್ದು ಅದಾಗಿ ಎರಡೇ ತಿಂಗಳಿಗೆ. ಎರಡೂ ಅವನೇ. ಒಂದನ್ನ ಇಟ್ಟುಕೊಂಡು ಇನ್ನೊಂದನ್ನ ಮರೆಸೋಕೆ ನನಗೆ ಮನಸ್ಸಿಲ್ಲ.

ಆ ವಿಶ್ವಕಪ್‌ನಲ್ಲಿ ನಿಷೇಧ ಮುಗಿದದ್ದು ಸರಿಯಾಗಿ ಫೈನಲ್ ಹೊತ್ತಿಗೆ. ಜುಲೈ 9, ಬರ್ಲಿನ್. ಕೋಚ್ ಲಿಪ್ಪಿ 61ನೇ ನಿಮಿಷದಲ್ಲಿ ಅವನನ್ನ ಒಳಗೆ ಕಳಿಸಿದರು. ಹೊರಗೆ ಬಂದವನು ಯಾರು ಹೇಳಿ? ಟೊಟ್ಟಿ. ಭವಿಷ್ಯದ ಕ್ಯಾಪ್ಟನ್ ತನ್ನ ಕ್ಯಾಪ್ಟನ್‌ನ ಜಾಗಕ್ಕೆ ಬಂದ ರಾತ್ರಿ ಅದು, ಬಹುಶಃ ಅಭಿಮಾನಿಗಳು ಊಹಿಸಿದ ಹಾಗೆ ಆದ ಒಂದೇ ಸಲ. ಪೆನಾಲ್ಟಿ ಶೂಟೌಟ್‌ನಲ್ಲಿ ಪಿರ್ಲೊ, ಮಾತೆರಾಝಿ ಆದಮೇಲೆ ಮೂರನೆಯದಾಗಿ ಒದೆಯೋಕೆ ಹೋದ ಇವನಿಗೆ ಇನ್ನೂ 23 ತುಂಬಿರಲಿಲ್ಲ. ಮೂರು ವಾರದಿಂದ ಇಡೀ ಲೋಕ ಬೈದಿತ್ತು. ಗೋಲಿನ ಮೇಲ್ಮೂಲೆಗೆ ಹೊಡೆದ. ಇಟಲಿ ಗೆದ್ದಿತು.

ಈಗ ಆಟದ ಬಗ್ಗೆ. ನಿಷ್ಠೆ ನಿಷ್ಠೆ ಅಂತ ಹೇಳ್ತಾ ಮನುಷ್ಯ ಏನು ಆಡ್ತಿದ್ದ ಅನ್ನೋದನ್ನೇ ಮರೆತುಬಿಡ್ತೀವಿ. ಪಿರ್ಲೊನ ನುಣುಪು ಡಿ ರೊಸ್ಸಿಯಲ್ಲಿ ಇರಲಿಲ್ಲ. ಪಿರ್ಲೊ ಚೆಂಡು ಮುಟ್ಟಿದರೆ ಆಟದ ವೇಗವೇ ಇಳೀತಿತ್ತು, ಬೇರೆಯವರು ಉಸಿರು ಬಿಗಿ ಹಿಡೀತಿದ್ದರು. ಇವನದ್ದು ಕಾವಲುಗಾರನ ಕಣ್ಣು. ಎದುರಾಳಿ ಪಾಸ್ ಮಾಡೋಕೆ ತಲೆ ಎತ್ತಿದ ಕ್ಷಣಕ್ಕೆ ಆ ದಾರಿಯಲ್ಲಿ ಇವನ ಕಾಲು ಇರ್ತಿತ್ತು. ಕಿತ್ತುಕೊಂಡ ಚೆಂಡನ್ನ ಪಕ್ಕದವನಿಗೆ ತಳ್ಳಿ ಕೈ ತೊಳ್ಕೊಳ್ಳದೆ ನಲವತ್ತು ಮೀಟರ್ ದೂರಕ್ಕೆ ಕಳಿಸಬಲ್ಲ. ದೂರದಿಂದ ಗೋಲಿಗೂ ಒದೆಯಬಲ್ಲ. 2007ರ ಏಪ್ರಿಲ್ 10ರಂದು ಮ್ಯಾಂಚೆಸ್ಟರ್ ಯುನೈಟೆಡ್ ರೋಮಾವನ್ನ 7-1ರಿಂದ ಚಚ್ಚಿ ಹಾಕಿದ ರಾತ್ರಿ ಆ ಒಂದು ಗೋಲು ಅವನದ್ದೇ, ನೆಲಕ್ಕೆ ಬೀಳುವ ಮೊದಲೇ ಒದ್ದದ್ದು. ಏಳು ಗೋಲು ತಿಂದ ಪಂದ್ಯದಲ್ಲಿ ಯಾರೂ ನೆನಪಿಟ್ಟುಕೊಳ್ಳದ ಒಳ್ಳೇ ಗೋಲು.

ಆಮೇಲಿನ ವರ್ಷಗಳಲ್ಲಿ ಅವನು ಹಿಂದೆ ಹಿಂದೆ ಸರಿದ. 2011ರಲ್ಲಿ ಕೋಚ್ ಆಗಿ ಬಂದ ಲೂಯಿಸ್ ಎನ್ರಿಕೆ ಕೈಯಲ್ಲಿ, ತಂಡದ ಹತ್ತಿರ ಚೆಂಡು ಇದ್ದಾಗ ಇಬ್ಬರು ಡಿಫೆಂಡರ್‌ಗಳ ನಡುವೆ ಇಳಿದು ಅಲ್ಲಿಂದ ಆಟ ಶುರು ಮಾಡೋ ಕೆಲಸ ಕಲಿತ. 2012ರ ಯೂರೊ ಕಪ್‌ನಲ್ಲಿ ಸ್ಪೇನ್ ಎದುರಿನ ಮೊದಲ ಪಂದ್ಯಕ್ಕೆ ಇಟಲಿ ಅವನನ್ನ ಸೀದಾ ಮೂವರು ಡಿಫೆಂಡರ್‌ಗಳ ಮಧ್ಯದಲ್ಲೇ ನಿಲ್ಲಿಸಿತು, 1-1 ಆಯ್ತು. ಮಿಡ್‌ಫೀಲ್ಡರ್ ಅನ್ನಿಸಿಕೊಂಡವನು ದೇಶ ಹೇಳಿದ ಕಡೆ ನಿಂತು ಆಡಿದ. ದೇಶದ ಪರ 117 ಪಂದ್ಯ ಸುಮ್ಮನೆ ಸಿಗಲ್ಲ. ಅದೇ ಲೂಯಿಸ್ ಎನ್ರಿಕೆ ಒಂದು ಸಲ, ತಂಡದ ಮೀಟಿಂಗಿಗೆ ತಡವಾಗಿ ಬಂದ ಅಂತ ಇವನನ್ನ ಅಟಲಾಂಟಾ ಎದುರಿನ ಪಂದ್ಯದಿಂದ ಹೊರಗಿಟ್ಟರು. ರೋಮಾ 4-1ರಿಂದ ಸೋತಿತು. ಊರವರು ಕೋಚ್ ಮೇಲೆ ಹಾರಾಡಿದರು. ನನ್ನ ಕೇಳಿದರೆ ಕೋಚ್ ಮಾಡಿದ್ದು ಸರಿ.

ಅವನ ಇಡೀ ವೃತ್ತಿಜೀವನದಲ್ಲಿ ಒಂದೇ ಘಳಿಗೆ ಆರಿಸಿ ಅಂದರೆ ನಾನು ಬರ್ಲಿನ್ ಆರಿಸಲ್ಲ. ಅವನು ಆಡದೇ ಇದ್ದ ಒಂದು ರಾತ್ರಿ ಆರಿಸ್ತೀನಿ. 2017ರ ನವೆಂಬರ್ 13, ಮಿಲಾನ್‌ನ ಸಾನ್ ಸಿರೊ. ವಿಶ್ವಕಪ್‌ಗೆ ಹೋಗಬೇಕಾದರೆ ಇಟಲಿ ಸ್ವೀಡನ್ ವಿರುದ್ಧ ಗೆಲ್ಲಲೇಬೇಕು. ಮೊದಲ ಪಂದ್ಯ ಸ್ವೀಡನ್‌ನಲ್ಲಿ 1-0ಯಿಂದ ಹೋಗಿತ್ತು, ಅದೂ ಡಿ ರೊಸ್ಸಿಯ ಮೈಗೇ ತಾಗಿ ದಿಕ್ಕು ಬದಲಿಸಿದ ಚೆಂಡು. ಎರಡನೇ ಪಂದ್ಯದಲ್ಲಿ ಅವನು ಬೆಂಚ್ ಮೇಲಿದ್ದ. ಗೋಲು ಬರ್ತಿಲ್ಲ, ಗಡಿಯಾರ ಓಡ್ತಿದೆ. ಕೋಚ್ ವೆಂತೂರಾ ಕಡೆಯವರು ಬಂದು, ಎದ್ದು ಮೈ ಬಿಸಿ ಮಾಡ್ಕೊ ಅಂದರು. ಇವನು ಸಿಡಿದ. ನನ್ನನ್ನ ಯಾಕೆ ಕಳಿಸ್ತೀರಿ, ನಮಗೆ ಬೇಕಿರೋದು ಡ್ರಾ ಅಲ್ಲ, ಗೆಲುವು ಅನ್ನೋ ಅರ್ಥದಲ್ಲಿ ಕೂಗಾಡಿ, ಪಕ್ಕದಲ್ಲಿ ಕೂತಿದ್ದ ಫಾರ್ವರ್ಡ್ ಇನ್ಸೀನ್ಯೆ ಕಡೆ ಕೈ ತೋರಿಸಿದ. ಕ್ಯಾಮೆರಾ ಎಲ್ಲವನ್ನೂ ಹಿಡೀತು. ಇನ್ಸೀನ್ಯೆಯನ್ನ ಕಳಿಸಲೇ ಇಲ್ಲ. 0-0. 1958ರ ನಂತರ ಮೊದಲ ಸಲ ಇಟಲಿ ವಿಶ್ವಕಪ್ ತಪ್ಪಿಸಿಕೊಂಡಿತು.

ಶಿಸ್ತಿಲ್ಲದವನು ಅಂತ ಬೈಯಬಹುದು, ಬೈದರು ಕೂಡ. ಆದರೆ ಯೋಚನೆ ಮಾಡಿ. 34 ವರ್ಷದವನು, ದೇಶಕ್ಕೆ ಆಡುವ ಕೊನೇ ಅವಕಾಶ, ಕರೆದಾಗ ಎದ್ದು ಓಡಬೇಕಾದ ಜಾಗದಲ್ಲಿ, ನಾನು ಇಲ್ಲಿಗೆ ಸಲ್ಲುವವನಲ್ಲ, ಅವನನ್ನ ಕಳಿಸಿ ಅಂತಾನೆ. ಇಡೀ ಪ್ರಾಯವನ್ನ ಇನ್ನೊಬ್ಬರ ಪಕ್ಕದಲ್ಲಿ ಕಳೆದವನಿಗೆ ಮಾತ್ರ ಇದು ಬರುತ್ತೆ ಅಂತ ನನ್ನ ಗುಮಾನಿ. ಆಟದಲ್ಲಿ ತನ್ನ ಜಾಗ ಎಲ್ಲಿದೆ, ಎಲ್ಲಿಲ್ಲ ಅನ್ನೋ ಲೆಕ್ಕ ಅವನಿಗೆ ಬಾಯಿಪಾಠ ಆಗಿತ್ತು. ಟೊಟ್ಟಿಗೆ ಆ ಲೆಕ್ಕ ಕೊನೇ ಎರಡು ವರ್ಷ ಕೈಕೊಟ್ಟಿತು. ಕೋಚ್ ಸ್ಪಲ್ಲೆತ್ತಿ ಬೆಂಚ್ ಮೇಲೆ ಕೂರಿಸಿದಾಗ ಊರೇ ಎರಡು ಭಾಗ ಆಗಿತ್ತು.

ಮರುವರ್ಷದ ಏಪ್ರಿಲ್‌ನಲ್ಲಿ ಬಾರ್ಸಿಲೋನಾ. ಅವರ ಮೈದಾನದಲ್ಲಿ ರೋಮಾ 4-1ರಿಂದ ಸೋತಿತು, ಆ ನಾಲ್ಕರಲ್ಲಿ ಎರಡು ರೋಮಾದವರೇ ತಮ್ಮ ಗೋಲಿಗೆ ಹೊಡ್ಕೊಂಡದ್ದು. ಒಂದು ಡಿ ರೊಸ್ಸಿ, ಇನ್ನೊಂದು ಮನೋಲಾಸ್. ಮತ್ತೆ ಏಪ್ರಿಲ್ 10, ಆ ಏಳು ಗೋಲಿನ ರಾತ್ರಿಗೆ ಸರಿಯಾಗಿ ಹನ್ನೊಂದು ವರ್ಷ. ನಮ್ಮ ಗಡಿಯಾರದಲ್ಲಿ ಹನ್ನೆರಡೂಕಾಲಿಗೆ ಶುರುವಾದ ಪಂದ್ಯ, ಎದ್ದು ನೋಡಿದವರು ಪುಣ್ಯವಂತರು. ಆರನೇ ನಿಮಿಷದಲ್ಲಿ ಡಿ ರೊಸ್ಸಿ ಹಿಂದಿನಿಂದ ಕಳಿಸಿದ ಒಂದು ಉದ್ದನೆಯ ಚೆಂಡನ್ನ ಝೆಕೊ ಹಿಡಿದು ಗೋಲು ಮಾಡಿದ. 58ನೇ ನಿಮಿಷದಲ್ಲಿ ಪೆನಾಲ್ಟಿ, ಡಿ ರೊಸ್ಸಿ. 82ರಲ್ಲಿ ಮನೋಲಾಸ್‌ನ ತಲೆ. 3-0, ಬಾರ್ಸಿಲೋನಾ ಮನೆಗೆ. ವಾರದ ಹಿಂದೆ ಸ್ವಂತ ಗೋಲಿಗೆ ಹೊಡೆದವರಿಬ್ಬರೂ ಸರಿಯಾದ ಗೋಲಿಗೆ ಹೊಡೆದಿದ್ದರು. ಸೆಮಿಫೈನಲ್‌ನಲ್ಲಿ ಲಿವರ್‌ಪೂಲ್ ಎರಡೂ ಪಂದ್ಯ ಸೇರಿ 7-6ರಿಂದ ಕಟ್ಟಿಹಾಕಿತು. ಅಲ್ಲೂ ಒಂದು ಗೋಲು ಕಡಿಮೆ.

ಇಷ್ಟಾದಮೇಲೆ 2019ರ ಮೇ 14ರಂದು ಕ್ಲಬ್ ಪ್ರಕಟಣೆ ಹೊರಡಿಸಿತು: ಅವನ ಕಾಂಟ್ರ್ಯಾಕ್ಟ್ ಮುಂದುವರಿಸಲ್ಲ. ಆಡಳಿತದಲ್ಲಿ ಕುರ್ಚಿ ಕೊಡ್ತೀವಿ ಅಂದರು. ಅವನಿಗೆ ಬೇಕಿದ್ದದ್ದು ಕುರ್ಚಿಯಲ್ಲ, ಇನ್ನೊಂದು ವರ್ಷ ಆಡಬೇಕಿತ್ತು. ಅಮೆರಿಕದಲ್ಲಿ ಕೂತಿದ್ದ ಮಾಲೀಕ ಪಲ್ಲೋಟಾ ಮೇಲೆ ಅಭಿಮಾನಿಗಳು ಬೀದಿಗಿಳಿದರು. ಗಾಯಗಳಿಂದಾಗಿ ಆ ಸೀಸನ್‌ನಲ್ಲಿ ಅವನು ಆಡಿದ್ದೇ ಕಡಿಮೆ, ಕ್ಲಬ್ಬಿಗೂ ಅದರ ಲೆಕ್ಕಾಚಾರ ಇತ್ತು, ಒಪ್ಪೋಣ. ಆದರೆ ಇಲ್ಲಿ ನಮ್ಮ ‘ನಿಷ್ಠೆ’ ಅನ್ನೋ ಪದದ ಬಣ್ಣ ಬಯಲಾಗುತ್ತೆ. ಆಟಗಾರ ಬಿಟ್ಟು ಹೋದರೆ ದ್ರೋಹ. ಕ್ಲಬ್ ಬಿಟ್ಟು ಕಳಿಸಿದರೆ ವ್ಯವಹಾರ. ಒಂದೇ ಕ್ಲಬ್ಬಿನವನಲ್ಲ ಅಂತ ಅವನನ್ನ ಪಟ್ಟಿಯಿಂದ ಹೊಡೆದು ಹಾಕೋ ಕಟ್ಟುನಿಟ್ಟಿನವರಿಗೆ ನನ್ನ ಪ್ರಶ್ನೆ ಇಷ್ಟೇ: ಮನೆಯವರೇ ಬಾಗಿಲು ಹಾಕಿಕೊಂಡರೆ ಹೊರಗೆ ನಿಂತವನನ್ನ ಮನೆ ಬಿಟ್ಟವನು ಅಂತೀರಾ?

ಕೊನೇ ಪಂದ್ಯ ಮೇ 26ಕ್ಕೆ, ಪಾರ್ಮಾ ಎದುರು, 2-1 ಗೆಲುವು. ಬೊಕಾದ ಮೈದಾನದಲ್ಲಿ ಆಡಬೇಕು ಅನ್ನೋದು ಅವನ ಹಳೇ ಆಸೆ. ಅಲ್ಲಿ ಕ್ರೀಡಾ ನಿರ್ದೇಶಕನಾಗಿದ್ದ ಬುರ್ದಿಸ್ಸೊ ರೋಮಾದಲ್ಲಿ ಇವನ ಜೊತೆಗಾರ. ಹೋದ, ಮೊದಲ ಪಂದ್ಯದಲ್ಲೇ ಹೆಡ್ ಮಾಡಿ ಗೋಲು ಹೊಡೆದ, ಬೆರಳೆಣಿಕೆಯ ಪಂದ್ಯ ಆಡಿ 2020ರ ಜನವರಿಯಲ್ಲಿ ಆಟವನ್ನೇ ಬಿಟ್ಟ.

ಕ್ಲಬ್ ಇನ್ನೊಂದು ಸಲ ಕರೀತು. 2024ರ ಜನವರಿಯಲ್ಲಿ ಮೊರಿನ್ಯೊನನ್ನ ತೆಗೆದ ದಿನವೇ ಡಿ ರೊಸ್ಸಿ ಕೋಚ್. ಮಾಲೀಕರು ಈಗ ಬೇರೆ, ಫ್ರೀಡ್ಕಿನ್ ಮನೆತನ, ಅವರೂ ಅಮೆರಿಕದವರೇ. ತಂಡ ಎದ್ದು ನಿಂತಿತು, ಯೂರೊಪಾ ಲೀಗ್ ಸೆಮಿಫೈನಲ್ ತಲುಪಿತು, ಲೀಗ್‌ನಲ್ಲಿ ಆರನೇ ಸ್ಥಾನ. ಜೂನ್‌ನಲ್ಲಿ ಮೂರು ವರ್ಷದ ಕಾಂಟ್ರ್ಯಾಕ್ಟ್ ಕೊಟ್ಟರು. ಸೆಪ್ಟೆಂಬರ್ 18ಕ್ಕೆ, ಬರೀ ನಾಲ್ಕು ಲೀಗ್ ಪಂದ್ಯ ಆದಮೇಲೆ, ತೆಗೆದರು. ಮೂರು ವರ್ಷ ಮೂರು ತಿಂಗಳೂ ಬಾಳಲಿಲ್ಲ. ಬಾವುಟ ಏರಿಸೋರೂ ಇಳಿಸೋರೂ ಬೇರೆಯವರೇ ಅಂತ ಆ ಇಟಾಲಿಯನ್ ಪದ ಹುಟ್ಟಿಸಿದವರಿಗೆ ಗೊತ್ತಿತ್ತೇನೋ. ಅಭಿಮಾನಿಗಳು ಮುಂದಿನ ಪಂದ್ಯದಲ್ಲಿ ತಮ್ಮ ದಕ್ಷಿಣದ ಸ್ಟ್ಯಾಂಡನ್ನ ಖಾಲಿ ಬಿಟ್ಟು ಹೊರಗೆ ನಿಂತು ಪ್ರತಿಭಟಿಸಿದರು, ಅವತ್ತೇ ಕ್ಲಬ್ಬಿನ ಮುಖ್ಯ ಅಧಿಕಾರಿ ರಾಜೀನಾಮೆ ಕೊಟ್ಟರು.

ಆ ದಕ್ಷಿಣದ ಸ್ಟ್ಯಾಂಡಿಗೆ ಸಂಬಂಧಪಟ್ಟ ಒಂದು ವಿಷಯ ಹೇಳೋದಿದೆ. ಆಟ ಬಿಟ್ಟು ಬಂದ ಆ 2020ರ ಜನವರಿಯಲ್ಲೇ, ಲಾಝಿಯೊ ಎದುರು ಡರ್ಬಿ ಇತ್ತು. ಅಷ್ಟು ವರ್ಷ ಮೈದಾನದ ಒಳಗಿದ್ದವನಿಗೆ ಜನರ ಮಧ್ಯೆ ನಿಂತು ಡರ್ಬಿ ನೋಡೋ ಭಾಗ್ಯ ಎಲ್ಲಿತ್ತು? ಹಾಗೇ ಹೋದರೆ ಆಟ ಬಿಟ್ಟು ಇವನನ್ನೇ ನೋಡ್ತಾರೆ. ಮೇಕಪ್ ಮಾಡಿಸಿಕೊಂಡು, ಸುಳ್ಳು ಮೂಗು ಅಂಟಿಸಿಕೊಂಡು, ಮುದುಕನ ವೇಷದಲ್ಲಿ ಹೋಗಿ ನಿಂತ. ಆಮೇಲೆ ಹೆಂಡತಿ ವಿಡಿಯೊ ಹಾಕಿದಾಗಲೇ ಲೋಕಕ್ಕೆ ಗೊತ್ತಾಗಿದ್ದು. ಝೆಕೊ ಗೋಲು ಹೊಡೆದಾಗ ಪಕ್ಕದಲ್ಲಿದ್ದ ಯಾರ್‍ಯಾರು ಆ ಮುದುಕನನ್ನ ತಬ್ಬಿಕೊಂಡು ಕುಣಿದರೋ! ಲಾಝಿಯೊ ಸಮ ಮಾಡಿತು. 1-1.